ಜೋಡಿಯಾಟದಲ್ಲಿ ಹೊಣೆ ಯಾರದು?

ಟೆನಿಸ್ ನಮ್ಮ ದುಮ್ಮವಾಡದ ಆಟವಲ್ಲ. ಕಲಘಟಗಿ ತಾಲೂಕಿನ ಈ ಸೀಮೆಯ ಹುಡುಗರಿಗೆ ಗೊತ್ತಿರುವುದು ಕ್ರಿಕೆಟ್ಟು ಮತ್ತು ಕಬಡ್ಡಿ. ಆದರೆ ಜೋಡಿ ಎಂದರೇನೆಂದು ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳ ಬಲ ಸಮನಾಗಿರುವುದಿಲ್ಲ. ಒಂದು ಸೊರಗಿದ್ದರೆ ರೈತ ನೊಗದ ಕಟ್ಟನ್ನು ನಡುವಿನಿಂದ ತುಸು ಗಟ್ಟಿ ಎತ್ತಿನ ಕಡೆಗೆ ಸರಿಸುತ್ತಾನೆ. ಭಾರ ಅದರ ಮೇಲೆ ಹೆಚ್ಚು ಬೀಳುತ್ತದೆ, ಸಾಲು ಮಾತ್ರ ನೆಟ್ಟಗೆ ಹೋಗುತ್ತದೆ. ಸಂಜೆ ಹೊಲ ನೋಡಿದವರು ಯಾವ ಸಾಲು ಯಾವ ಎತ್ತಿನದೆಂದು ಕೇಳುವುದಿಲ್ಲ.

ಎತ್ತುಗಳಿಗೆ ಈ ಲೆಕ್ಕ ಸಾಕು, ಮನುಷ್ಯರಿಗೆ ಸಾಲದು. ಇಬ್ಬರು ಕೂಡಿ ಮಾಡಿದ ಕೆಲಸದಲ್ಲಿ ಗೆಲುವು ಯಾರದು, ತಪ್ಪು ಯಾರದು ಎಂಬ ಪ್ರಶ್ನೆ ಮನುಷ್ಯರನ್ನು ಬಿಡುವುದಿಲ್ಲ. ಕೊಡಗಿನ ರೋಹನ್ ಬೋಪಣ್ಣ ಅವರ ಆಟದ ಬದುಕು ಈ ಪ್ರಶ್ನೆಯನ್ನು ನಮ್ಮ ಮುಂದೆ ಸ್ಪಷ್ಟವಾಗಿ ಇಡುತ್ತದೆ.

ಬೋಪಣ್ಣ ಕಾಫಿ ಬೆಳೆಗಾರರ ಮನೆಯಲ್ಲಿ ಬೆಳೆದವರು. 2003ರಲ್ಲಿ ವೃತ್ತಿ ಆಟಗಾರರಾದರು. ಸಿಂಗಲ್ಸ್‌ನಲ್ಲಿ ದೊಡ್ಡ ಹೆಸರು ಬರಲಿಲ್ಲ. ಡಬಲ್ಸನ್ನೇ ನೆಚ್ಚಿಕೊಂಡರು. ಲೋಕದ ಕಣ್ಣಿಗೆ ಡಬಲ್ಸ್ ಎರಡನೆಯ ದರ್ಜೆಯ ಆಟ. 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಸಿಂಗಲ್ಸ್ ಗೆದ್ದ ಒಬ್ಬನಿಗೆ 31.5 ಲಕ್ಷ ಆಸ್ಟ್ರೇಲಿಯನ್ ಡಾಲರ್ ಸಿಕ್ಕರೆ, ಡಬಲ್ಸ್ ಗೆದ್ದ ಇಬ್ಬರಿಗೂ ಸೇರಿ ಸಿಕ್ಕದ್ದು 7.3 ಲಕ್ಷ. ಅಂಕಣದ ಲೆಕ್ಕವೂ ವಿಚಿತ್ರ. ಒಬ್ಬ ಆಡುವಾಗ ಅಗಲ 27 ಅಡಿ, ಇಬ್ಬರು ಆಡುವಾಗ 36 ಅಡಿ. ಆಳು ಎರಡಾದರೂ ನೆಲ ಹೆಚ್ಚುವುದು ಒಂಬತ್ತೇ ಅಡಿ. ಆದ್ದರಿಂದ ಇಲ್ಲಿ ನೆಲಕ್ಕಿಂತ ಹೆಚ್ಚಾಗಿ ಜೊತೆಗಾರನ ಮನಸ್ಸನ್ನು ಅರಿಯಬೇಕು. ನೆಟ್ ಬಳಿ ನಿಂತವನು ಬೆನ್ನ ಹಿಂದೆ ಬೆರಳು ತೋರಿಸಿ ಹೇಳಿದ್ದನ್ನು ಸರ್ವ್ ಮಾಡುವವನು ನಂಬಬೇಕು.

ಆ ನಂಬಿಕೆಗೆ ಗಡಿಯೂ ಅಡ್ಡ ಬರಲಿಲ್ಲ ಎಂಬುದಕ್ಕೆ 2010 ಸಾಕ್ಷಿ. ಆ ವರ್ಷ ಬೋಪಣ್ಣ ಮತ್ತು ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ ಅಮೆರಿಕನ್ ಓಪನ್ ಫೈನಲ್ ತಲುಪಿದರು. ಖುರೇಷಿಯವರ ಅಜ್ಜ ಖ್ವಾಜಾ ಇಫ್ತಿಕಾರ್ ಅಹ್ಮದ್ ದೇಶ ಒಡೆಯುವ ಮುನ್ನ ಇದೇ ಭಾರತದ ಚಾಂಪಿಯನ್ ಆಗಿದ್ದವರು. ಖುರೇಷಿ ಸ್ವತಃ 2002ರ ವಿಂಬಲ್ಡನ್‌ನಲ್ಲಿ ಇಸ್ರೇಲಿನ ಅಮಿರ್ ಹದಾದ್ ಜೊತೆ ಆಡಿ, ನಿಷೇಧದ ಬೆದರಿಕೆಯನ್ನು ಎದುರಿಸಿದವರು. 2010ರ ಫೈನಲ್‌ನಲ್ಲಿ ಅಮೆರಿಕದ ಬ್ರಯಾನ್ ಸಹೋದರರು ಎರಡೂ ಸೆಟ್‌ಗಳನ್ನು ಟೈಬ್ರೇಕರ್‌ನಲ್ಲಿ ಗೆದ್ದರು. ಆದರೆ ವಿಶ್ವಸಂಸ್ಥೆಯಲ್ಲಿ ಎರಡು ದೇಶಗಳನ್ನು ಪ್ರತಿನಿಧಿಸುತ್ತಿದ್ದ ರಾಯಭಾರಿಗಳು ಅಂದು ಪ್ರೇಕ್ಷಕರ ನಡುವೆ ಜೊತೆಯಾಗಿ ಕುಳಿತಿದ್ದರು. ಸೋತ ಜೋಡಿ ಮಾಡಿದ ಈ ಕೆಲಸವನ್ನು ಯಾವ ಅಂಕಪಟ್ಟಿಯಲ್ಲಿ ಬರೆಯುವುದು?

ಇದಕ್ಕಿಂತ ಕಠಿಣವಾದ ಪ್ರಶ್ನೆ ಹುಟ್ಟಿದ್ದು 2023ರಲ್ಲಿ. ಮತ್ತೆ ಅಮೆರಿಕನ್ ಓಪನ್, ಮತ್ತೆ ಫೈನಲ್. ಬೋಪಣ್ಣ ಅವರಿಗೆ ಆಗ 43 ವರ್ಷ. ಪುರುಷರ ಡಬಲ್ಸ್‌ನಲ್ಲಿ ಒಂದೂ ಗ್ರ್ಯಾಂಡ್‌ಸ್ಲಾಮ್ ಪ್ರಶಸ್ತಿ ಬಂದಿರಲಿಲ್ಲ. ಜೊತೆಗಾರ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್. ಎದುರಿಗೆ ರಾಜೀವ್ ರಾಮ್ ಮತ್ತು ಜೋ ಸ್ಯಾಲಿಸ್‌ಬರಿ. ನಿರ್ಣಾಯಕ ಮೂರನೆಯ ಸೆಟ್‌ನಲ್ಲಿ ಒಂದು ಚೆಂಡು ಬೋಪಣ್ಣರ ತೋಳನ್ನು ಸವರಿಕೊಂಡು ಹೋಯಿತು. ಅಂಪೈರ್ ಗಮನಿಸಿರಲಿಲ್ಲ. ಬೋಪಣ್ಣ ತಾವಾಗಿಯೇ ಹೇಳಿದರು: ಚೆಂಡು ನನಗೆ ತಾಗಿದೆ. ನಿಯಮದ ಪ್ರಕಾರ ಪಾಯಿಂಟ್ ಎದುರಾಳಿಗಳಿಗೆ ಹೋಯಿತು. ಕೊನೆಗೆ ಪಂದ್ಯವೂ 2-6, 6-3, 6-4ರಿಂದ ಅವರ ಪಾಲಾಯಿತು.

ಎಲ್ಲರೂ ಹೊಗಳಿದರು. ಹೊಗಳಿಕೆ ಸುಲಭ. ಆದರೆ ಒಂದು ಆಕ್ಷೇಪವನ್ನು ಇಲ್ಲಿ ಎದುರಿಸಲೇಬೇಕು. ಆ ಪಾಯಿಂಟ್ ಬೋಪಣ್ಣ ಒಬ್ಬರದಾಗಿತ್ತೇ? ಅರ್ಧ ಎಬ್ಡೆನ್ ಅವರದು. ಒಬ್ಬಂಟಿ ಆಟಗಾರ ತನ್ನ ಪಾಯಿಂಟ್ ಬಿಟ್ಟುಕೊಟ್ಟರೆ ಅದು ತ್ಯಾಗ. ಜೋಡಿಯಲ್ಲಿ ಆಡುವವನು ಬಿಟ್ಟುಕೊಟ್ಟರೆ ಜೊತೆಗಾರನ ಗಂಟಿನಿಂದಲೂ ದಾನ ಮಾಡಿದಂತಾಗುವುದಿಲ್ಲವೇ? ನಮ್ಮ ಆತ್ಮಸಾಕ್ಷಿಯ ಸಾಲವನ್ನು ಪಕ್ಕದವನ ಜೇಬಿನಿಂದ ತೀರಿಸುವುದು ನ್ಯಾಯವೇ?

ಇದು ಟೆನಿಸ್‌ನವರ ಸಮಸ್ಯೆ ಮಾತ್ರವಲ್ಲ. ಅಣ್ಣ ತಮ್ಮಂದಿರ ಹೊಲದ ಬದು ಪಕ್ಕದವರ ಜಮೀನಿನೊಳಗೆ ಸರಿದಿದೆ ಎಂದು ಒಬ್ಬನಿಗೆ ಗೊತ್ತು. ಹೇಳಿದರೆ ನಷ್ಟ ಇಬ್ಬರಿಗೂ. ಊರಿನಲ್ಲಿ ಗಲಭೆಯಾದಾಗ ಮೊದಲ ಕಲ್ಲು ನಮ್ಮ ಓಣಿಯಿಂದ ಬಿತ್ತೋ ಅವರ ಓಣಿಯಿಂದಲೋ ಕಂಡವರಿಗೆ ಗೊತ್ತಿರುತ್ತದೆ. ಆದರೂ ನಾವು ಬಾಯಿ ಮುಚ್ಚಿಕೊಳ್ಳುತ್ತೇವೆ. ಕಾರಣ ಕೇಳಿದರೆ, 'ನಮ್ಮವರಿಗೆ ತೊಂದರೆಯಾಗುತ್ತದೆ' ಎನ್ನುತ್ತೇವೆ. ನಮಗಾಗಿ ಸುಳ್ಳು ಹೇಳಲು ನಾಚುವ ನಾವು ನಮ್ಮವರಿಗಾಗಿ ಸುಳ್ಳು ಹೇಳುವಾಗ ಅದನ್ನು ನಿಷ್ಠೆ ಎಂದು ಕರೆದುಕೊಳ್ಳುತ್ತೇವೆ.

ಉರ್ದುವಿನಲ್ಲಿ ಪಾಲುದಾರನನ್ನು ಶರೀಕ್ ಎನ್ನುತ್ತಾರೆ. ಬಾಳ ಸಂಗಾತಿ ಶರೀಕೇ ಹಯಾತ್. ಅಪರಾಧದಲ್ಲಿ ಪಾಲುಗೊಂಡವನು ಶರೀಕೇ ಜುರ್ಮ್. ಪದ ಒಂದೇ, ಸೇರುವ ಜಾಗ ಬೇರೆ. ಬೋಪಣ್ಣ ಅಂದು ಸುಮ್ಮನಿದ್ದಿದ್ದರೆ ಎಬ್ಡೆನ್ ಅವರಿಗೆ ಒಂದು ಪಾಯಿಂಟ್ ಉಳಿಯುತ್ತಿತ್ತು ನಿಜ. ಆದರೆ ಆ ಮೌನವನ್ನೂ ಜೊತೆಗಾರನನ್ನು ಕೇಳಿ ತಾಳುತ್ತಿರಲಿಲ್ಲ. ಕೇಳದೆ ಆತನನ್ನು ಒಂದು ಸುಳ್ಳಿನ ಪಾಲುದಾರನನ್ನಾಗಿ ಮಾಡಿದಂತಾಗುತ್ತಿತ್ತು. ಆತನ ಹೆಸರಿನಲ್ಲಿ ನಷ್ಟ ಮಾಡುವ ಹಕ್ಕು ಇಲ್ಲವೆಂದಾದರೆ, ಆತನ ಹೆಸರಿನಲ್ಲಿ ವಂಚಿಸುವ ಹಕ್ಕು ಎಲ್ಲಿಂದ ಬರುತ್ತದೆ? ಅಲ್ಲದೆ ತಾಗಿದ ಕೂಡಲೇ ಆ ಪಾಯಿಂಟ್ ಅವರಿಬ್ಬರದಾಗಿ ಉಳಿಯಲೇ ಇಲ್ಲ. ತಮ್ಮದಲ್ಲದ್ದನ್ನು ಮರಳಿಸಿದಾಗ ಜೊತೆಗಾರನ ಗಂಟು ಕರಗುವುದಿಲ್ಲ.

ಆಕ್ಷೇಪಕ್ಕೆ ಇದೇ ಉತ್ತರವೆಂದು ನಾವು ತಿಳಿಯುತ್ತೇವೆ. ಕೂಡಿ ಗಳಿಸಿದ್ದನ್ನು ಪಾಲು ಮಾಡಿಕೊಳ್ಳಬಹುದು. ಬಹುಮಾನದ ಹಣ ಎರಡು ಭಾಗವಾಗುತ್ತದೆ. ಆದರೆ ಕಂಡ ಸತ್ಯದ ಹೊಣೆ ಎರಡು ಭಾಗವಾಗುವುದಿಲ್ಲ. ಜೋಡಿಯಲ್ಲಿರಲಿ, ಜಮಾತಿನಲ್ಲಿರಲಿ, ಜಾತಿಯಲ್ಲಿರಲಿ, ಅದು ಕಂಡವನ ಮೇಲೆ ಪೂರ್ತಿಯಾಗಿಯೇ ಇರುತ್ತದೆ.

ಹಾಗೆಂದು ಸತ್ಯ ಹೇಳಿದ್ದಕ್ಕೆ ಬೋಪಣ್ಣರಿಗೆ ಮುಂದೆ ಪ್ರಶಸ್ತಿ ಬಂತೆಂದು ನೀತಿಕಥೆ ಕಟ್ಟುವುದು ಸರಿಯಲ್ಲ. ಸತ್ಯ ಹೇಳಿ ಸೋತವರೇ ಲೋಕದಲ್ಲಿ ಹೆಚ್ಚು. 2024ರ ಜನವರಿಯಲ್ಲಿ ಇದೇ ಜೋಡಿ ಆಸ್ಟ್ರೇಲಿಯನ್ ಓಪನ್ ಗೆದ್ದದ್ದು, ಬೋಪಣ್ಣ ಆ ವಯಸ್ಸಿನಲ್ಲಿ ಡಬಲ್ಸ್‌ನ ಒಂದನೇ ಸ್ಥಾನಕ್ಕೇರಿದ್ದು, ಪದ್ಮಶ್ರೀ ಪಡೆದದ್ದು ಬೇರೆ ಶ್ರಮದ ಫಲ. ಮೊಣಕಾಲಿನ ಮೃದ್ವಸ್ಥಿ ಸವೆದು ಹೋದ ಮೇಲೂ ಅವರು ಅಯ್ಯಂಗಾರ್ ಪದ್ಧತಿಯ ಯೋಗದ ನೆರವಿನಿಂದ ಆಡಿದರು. 2025ರ ನವೆಂಬರ್‌ನಲ್ಲಿ ನಿವೃತ್ತಿ ಘೋಷಿಸಿದರು. ಆದರೆ ಎಬ್ಡೆನ್ ಆ ಸೋಲಿನ ನಂತರವೂ ಜೊತೆ ಬಿಡಲಿಲ್ಲ ಎಂಬುದನ್ನು ಮಾತ್ರ ಗಮನಿಸಬೇಕು. ತನ್ನ ಪಾಲಿನ ನಷ್ಟಕ್ಕೂ ಹೆದರದೆ ನಿಜ ಹೇಳುವವನು ನಾಳೆ ತನಗೂ ಸುಳ್ಳು ಹೇಳಲಾರ ಎಂಬ ಭರವಸೆ ಜೊತೆಗಾರನಿಗೆ ಸಿಗುವ ದೊಡ್ಡ ಪಾಲು. ನಮ್ಮ ಓಣಿಗಳು, ನಮ್ಮ ಸಮುದಾಯಗಳು ತಮ್ಮವರಿಂದ ಬಯಸಬೇಕಾದ ನಿಷ್ಠೆಯೂ ಇಂಥದ್ದೇ ಅಲ್ಲವೇ?