ಗೆದ್ದವನ ಗೆಲುವು ಯಾರದು?

ನಮ್ಮ ಕಡೆ ಜಾತ್ರೆಯ ಕುಸ್ತಿಯಲ್ಲಿ ಹೆಸರಾದ ಪೈಲ್ವಾನನೊಬ್ಬ ಚಿತ್ ಆದನೆಂದರೆ ಮಂದಿಯ ಬಾಯಲ್ಲಿ ಮೊದಲು ಬರುವ ಮಾತು ಒಂದೇ. "ಅವಂಗ ಇವತ್ತ ಏನಾಗಿತ್ತೋ ಏನೋ!" ರಾತ್ರಿ ನಿದ್ದೆ ಆಗಿರಲಿಲ್ಲವಂತೆ, ಮೊಣಕಾಲು ನೋಯುತ್ತಿತ್ತಂತೆ, ಮನೆಯಲ್ಲಿ ಜಗಳ ಆಗಿತ್ತಂತೆ. ಚಹಾದಂಗಡಿಯಲ್ಲಿ ಮರುದಿನ ಮಧ್ಯಾಹ್ನದವರೆಗೂ ಕಾರಣ ಹುಟ್ಟುತ್ತಲೇ ಇರುತ್ತವೆ. ಅವನನ್ನು ಕೆಡವಿದ ಹುಡುಗ ಯಾವ ಪಟ್ಟು ಹಾಕಿದ, ಆ ಪಟ್ಟನ್ನು ಎಷ್ಟು ದಿನ ತಾಲೀಮಿನಲ್ಲಿ ತಿಕ್ಕಿದ್ದ ಎಂದು ಕೇಳುವವರು ಇಡೀ ಊರಲ್ಲಿ ಇಬ್ಬರೋ ಮೂವರೋ.

ಇದು ಬರೀ ಆಟದ ಮಾತಲ್ಲ, ನ್ಯಾಯದ ಮಾತು ಎಂದು ನನಗೆ ಬಹಳ ದಿನದಿಂದ ಅನ್ನಿಸಿದೆ. ದೊಡ್ಡವನು ಬಿದ್ದಾಗ ಸಣ್ಣವನ ಗೆಲುವನ್ನು ನಾವು ಅವನ ಕೈಗೆ ಕೊಡುವುದಿಲ್ಲ. ದೊಡ್ಡವನ ತಪ್ಪಿನ ಲೆಕ್ಕದಲ್ಲಿ ಬರೆದುಬಿಡುತ್ತೇವೆ. ಇದನ್ನು ಪರೀಕ್ಷಿಸಿ ನೋಡಲು ಹೆವಿವೇಟ್ ಬಾಕ್ಸಿಂಗಿನ ಇತಿಹಾಸದಂಥ ಜಾಗ ಮತ್ತೊಂದಿಲ್ಲ. ಯಾಕೆಂದರೆ ಅಲ್ಲಿ ಆಟಕ್ಕೆ ಮುಂಚೆಯೇ ಜನ ಬಾಜಿ ಕಟ್ಟಿರುತ್ತಾರೆ. ಯಾರ ಮೇಲೆ ಎಷ್ಟು ಕಡಿಮೆ ನಂಬಿಕೆ ಇತ್ತು ಎಂಬುದು ಅಂಕಿಯಲ್ಲೇ ಉಳಿದಿರುತ್ತದೆ. ಆಮೇಲೆ "ನಾ ಮೊದಲೇ ಹೇಳಿದ್ದೆ" ಎನ್ನಲು ಯಾರಿಗೂ ಬರುವುದಿಲ್ಲ.

1990ರ ಫೆಬ್ರವರಿ 11. ಜಪಾನಿನ ಟೋಕಿಯೋ ಡೋಮ್. ಮೈಕ್ ಟೈಸನ್ ಅಷ್ಟೊತ್ತಿಗೆ 37 ಪಂದ್ಯ ಆಡಿ ಮೂವತ್ತೇಳನ್ನೂ ಗೆದ್ದಿದ್ದ. ಎದುರಾಳಿ ಜೇಮ್ಸ್ 'ಬಸ್ಟರ್' ಡಗ್ಲಾಸ್. ಬಾಜಿ ನಡೆಸುವ ಮನೆಗಳಲ್ಲಿ ಹೆಚ್ಚಿನವು ಈ ಪಂದ್ಯಕ್ಕೆ ದರವನ್ನೇ ಹಾಕಲಿಲ್ಲ. ಗೆಲ್ಲುವವನು ಯಾರೆಂಬುದು ಗೊತ್ತೇ ಇರುವಾಗ ಬಾಜಿ ಎಲ್ಲಿಯದು? ಲಾಸ್ ವೇಗಾಸಿನ ಮಿರಾಜ್ ಎಂಬ ಕ್ಯಾಸಿನೋದಲ್ಲಿ ಮಾತ್ರ 42ಕ್ಕೆ 1ರ ದರ ಇತ್ತು. ಡಗ್ಲಾಸನ ಮೇಲೆ ಒಂದು ಡಾಲರ್ ಇಟ್ಟವನಿಗೆ, ಅವನು ಗೆದ್ದರೆ, ನಲವತ್ತೆರಡು ಡಾಲರ್. ಪಂದ್ಯಕ್ಕೆ ಇಪ್ಪತ್ತಮೂರು ದಿನ ಮೊದಲು ಡಗ್ಲಾಸನ ತಾಯಿ ತೀರಿಕೊಂಡಿದ್ದಳು. ತಾಯಿ ಹೋಗಿ ತಿಂಗಳೂ ಆಗದ ಮಗ ಅಂಗಳ ದಾಟಲೂ ಮನಸ್ಸು ಮಾಡುವುದಿಲ್ಲ. ಇವನು ಸಮುದ್ರ ದಾಟಿ ಹೋದ.

ಮೊದಲ ಸುತ್ತಿನಿಂದಲೇ ಅವನು ಹೆದರಲಿಲ್ಲ. ಉದ್ದನೆಯ ಎಡಗೈ ಮುಂದೆ ಚಾಚಿ ಟೈಸನ್ನನನ್ನು ದೂರವೇ ನಿಲ್ಲಿಸಿದ. ಎಂಟನೆಯ ಸುತ್ತು ಮುಗಿಯುವ ಹೊತ್ತಿಗೆ ಟೈಸನ್ನನ ಒಂದು ಹೊಡೆತಕ್ಕೆ ಕೆಳಗೆ ಬಿದ್ದ, ರೆಫರಿ ಒಂಬತ್ತು ಎನ್ನುವಾಗ ಎದ್ದ. ಹತ್ತನೆಯ ಸುತ್ತಿನಲ್ಲಿ ಬಿದ್ದವನು ಟೈಸನ್. ಹಲ್ಲಿನ ರಕ್ಷಣೆಗೆ ಬಾಯಲ್ಲಿಟ್ಟುಕೊಳ್ಳುವ ರಬ್ಬರಿನ ಪಟ್ಟಿ ಹೊರಗೆ ಬಿದ್ದಿತ್ತು. ಅವನು ಮೊಣಕಾಲೂರಿ ಅದನ್ನು ಹುಡುಕಾಡಿದ್ದನ್ನು ಜಗತ್ತೆಲ್ಲ ನೋಡಿದೆ, ಈಗಲೂ ಮೊಬೈಲಿನಲ್ಲಿ ನೋಡುತ್ತಿದೆ.

ಆಮೇಲೆ ಆದದ್ದನ್ನು ಕೇಳಿ. ಟೈಸನ್ನನ ಪಂದ್ಯ ಏರ್ಪಡಿಸುತ್ತಿದ್ದ ಡಾನ್ ಕಿಂಗ್ ಎದ್ದು, ಎಂಟನೆಯ ಸುತ್ತಿನಲ್ಲಿ ರೆಫರಿ ಎಣಿಸಿದ್ದು ನಿಧಾನ ಆಯಿತು, ಡಗ್ಲಾಸ್ ಆಗಲೇ ಸೋತಿದ್ದ ಎಂದು ತಕರಾರು ತೆಗೆದ. ಬಿದ್ದವನು ರೆಫರಿಯ ಎಣಿಕೆ ಕೇಳಿ ಏಳಬೇಕೇ ಹೊರತು ಗಡಿಯಾರ ನೋಡಿ ಅಲ್ಲ. ಆ ಆಟದ ನಿಯಮವೇ ಹಾಗೆ. ಆದರೂ ಎರಡು ದೊಡ್ಡ ಬಾಕ್ಸಿಂಗ್ ಸಂಸ್ಥೆಗಳು ಡಗ್ಲಾಸನನ್ನು ಚಾಂಪಿಯನ್ ಎಂದು ಒಪ್ಪದೆ ಕೆಲವು ದಿನ ಸುಮ್ಮನೆ ಕೂತವು. ಜನ ಛೀ ಎಂದ ಮೇಲೆ ಒಪ್ಪಿದವು. ಕಣ್ಣೆದುರಿಗೆ ಕೆಡವಿದವನಿಗೆ ಗೆಲುವು ಕೊಡಲು ಇಷ್ಟು ಜಿಪುಣತನ!

ಈಗ ಎದುರು ವಾದ ಬರುತ್ತದೆ. ಬರಲಿ. ಟೈಸನ್ ಸರಿಯಾಗಿ ತಯಾರಿ ಮಾಡಿರಲಿಲ್ಲ ಎನ್ನುತ್ತಾರೆ. ನಿಜವೇ. 1936ರಲ್ಲಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಜೋ ಲೂಯಿಸನನ್ನು ಕೆಡವಿದಾಗ, ಲೂಯಿಸ್ ಅಭ್ಯಾಸ ಬಿಟ್ಟು ಗಾಲ್ಫ್ ಆಡುತ್ತಿದ್ದ ಎಂದರು. 2001ರಲ್ಲಿ ಹಾಸಿಮ್ ರಹಮಾನ್ ದಕ್ಷಿಣ ಆಫ್ರಿಕಾದಲ್ಲಿ ಲೆನಾಕ್ಸ್ ಲೂಯಿಸನನ್ನು ಐದನೆಯ ಸುತ್ತಿನಲ್ಲಿ ಮಲಗಿಸಿದಾಗ, ಪಾಪ, ಅವನು ಸಿನಿಮಾದ ಶೂಟಿಂಗಿಗೆ ಹೋಗಿದ್ದ ಎಂದರು. 1964ರಲ್ಲಿ ಸೋನಿ ಲಿಸ್ಟನ್ ಏಳನೆಯ ಸುತ್ತಿಗೆ ಸ್ಟೂಲಿನಿಂದ ಏಳದೇ ಹೋದಾಗ ಭುಜದ ನೋವು ಎಂದರು. ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿದರೆ ಸುಳ್ಳೆನ್ನಲು ಬರುವುದಿಲ್ಲ. ನನ್ನ ತಕರಾರು ಬೇರೆ. ಗಾಲ್ಫ್ ಆಡಿದ ತಪ್ಪಿಗೆ ಯಾರೂ ತಾವಾಗಿ ನೆಲಕ್ಕೆ ಬೀಳುವುದಿಲ್ಲ. ಬೀಳಿಸಲು ಎದುರಿಗೆ ಒಬ್ಬ ಬೇಕು. ಬಾಗಿಲು ತೆರೆದಿತ್ತು ಎಂಬುದು ಸರಿ, ಒಳಗೆ ಬಂದವನು ಸುಮ್ಮನೆ ಗಾಳಿಗೆ ಹಾರಿ ಬಂದನೇ?

ಶ್ಮೆಲಿಂಗನ ಮಾತನ್ನೇ ಸ್ವಲ್ಪ ನಿಧಾನವಾಗಿ ನೋಡೋಣ. ಅವನಿಗೆ ಆಗ ಮೂವತ್ತು, ಒಮ್ಮೆ ಚಾಂಪಿಯನ್ ಆಗಿ ಕಳೆದುಕೊಂಡಿದ್ದವನು. ಲೂಯಿಸ್ ಹುಡುಗ, ಸೋಲೇ ಕಾಣದವನು. ಶ್ಮೆಲಿಂಗ್ ಏನು ಮಾಡಿದ? ಲೂಯಿಸನ ಪಂದ್ಯಗಳ ಫಿಲ್ಮು ತಂದು ಮತ್ತೆ ಮತ್ತೆ ನೋಡಿದ. ಎಡಗೈಯಿಂದ ಹೊಡೆದ ಮೇಲೆ ಲೂಯಿಸ್ ಆ ಕೈಯನ್ನು ಸ್ವಲ್ಪ ಕೆಳಗೆ ಇಳಿಸುತ್ತಾನೆ ಎಂಬುದು ಅವನ ಕಣ್ಣಿಗೆ ಬಿತ್ತು. ಅಷ್ಟೇ. ಆ ಒಂದು ಗಳಿಗೆಯ ಸಂದಿಗೆ ತನ್ನ ಬಲಗೈಯನ್ನು ಕಾಯಿಸಿಟ್ಟ. ನಾಲ್ಕನೆಯ ಸುತ್ತಿನಲ್ಲಿ ಲೂಯಿಸ್ ಮೊದಲ ಸಲ ನೆಲ ಕಂಡ, ಹನ್ನೆರಡನೆಯದರಲ್ಲಿ ಮುಗಿಯಿತು. ಆ ಫಿಲ್ಮು ನೋಡಿದವರು ಎಷ್ಟೋ ಮಂದಿ ಇದ್ದಾರು, ಆ ಕೈ ಇಳಿದದ್ದನ್ನು ಕಂಡವನು ಇವನೊಬ್ಬ. ಇದನ್ನು ಅದೃಷ್ಟ ಎಂದರೆ, ಮಗುವಿನ ಲೆಕ್ಕದಲ್ಲಿ ತಪ್ಪಿದ ಹೆಜ್ಜೆ ಯಾವುದೆಂದು ಹುಡುಕಿ ತೆಗೆಯುವ ಮಾಸ್ತರನ ಕೆಲಸವನ್ನೂ ಅದೃಷ್ಟ ಎನ್ನಬೇಕಾದೀತು.

ಆದರೆ ಶ್ಮೆಲಿಂಗನ ಗೆಲುವು ಇನ್ನೊಂದು ರೀತಿಯಲ್ಲಿ ಕಳುವಾಯಿತು. ಹಿಟ್ಲರನ ಸರಕಾರ ಅದನ್ನು ಎತ್ತಿಕೊಂಡು, ಇದು ಜರ್ಮನಿಯ ಗೆಲುವು ಎಂದು ಸಿನಿಮಾ ಮಂದಿರಗಳಲ್ಲಿ ತೋರಿಸಿತು. ಎರಡು ವರ್ಷದ ನಂತರ ಲೂಯಿಸ್ ಅವನನ್ನು ಮೊದಲ ಸುತ್ತಿನಲ್ಲೇ, 124 ಸೆಕೆಂಡಿನಲ್ಲಿ ಮುಗಿಸಿದ. ಆಗ ಅಮೆರಿಕ ಅದನ್ನು ತನ್ನ ಗೆಲುವೆಂದಿತು. ಆ ಇಬ್ಬರು ಮಾತ್ರ ಮುಂದೆ ಗೆಳೆಯರಾದರು. 1981ರಲ್ಲಿ ಲೂಯಿಸ್ ತೀರಿಕೊಂಡಾಗ ಅವನ ಅಂತ್ಯಕ್ರಿಯೆಯ ಖರ್ಚಿಗೆ ಶ್ಮೆಲಿಂಗ್ ಹಣ ಕೊಟ್ಟ.

ಬಹುಶಃ ಎಲ್ಲರೂ ಮನಸಾರೆ ಒಪ್ಪಿದ ಗೆಲುವು ಜೇಮ್ಸ್ ಬ್ರಾಡಕ್‌ನದು. ಬಲಗೈ ಮೇಲಿಂದ ಮೇಲೆ ಮುರಿದಿತ್ತು, ಬಂದರಿನಲ್ಲಿ ಹಮಾಲಿ ಮಾಡಿದ್ದ, ಮಕ್ಕಳನ್ನು ಸಾಕಲು ಸರಕಾರದ ಪರಿಹಾರದ ಹಣ ತೆಗೆದುಕೊಂಡಿದ್ದ. 1935ರಲ್ಲಿ 10ಕ್ಕೆ 1ರ ದರದಲ್ಲಿ ಮ್ಯಾಕ್ಸ್ ಬೇರ್‌ನನ್ನು ಹದಿನೈದು ಸುತ್ತು ಆಡಿ ಸೋಲಿಸಿದ. ತೆಗೆದುಕೊಂಡ ಪರಿಹಾರದ ಹಣವನ್ನು ವಾಪಸು ಕಟ್ಟಿದ. ಇಷ್ಟು ಬಡತನ ಉಂಡವನಿಗೆ ಗೆಲುವು ಕೊಡಲು ಜನಕ್ಕೆ ಅಡ್ಡಿ ಇರಲಿಲ್ಲ. ಅಂದರೆ ಗೆಲುವು ಒಪ್ಪುವುದಕ್ಕೂ ನಮಗೆ ಕಣ್ಣೀರಿನ ರಸೀದಿ ಬೇಕು!

ಇನ್ನು ಬಲವಾದ ಆಕ್ಷೇಪಕ್ಕೆ ಬರುತ್ತೇನೆ. "ಒಮ್ಮೆ ಗೆದ್ದರ ಏನಾತು? ಇನ್ನೊಮ್ಮೆ ಗೆದ್ದ ತೋರಸ್ಲಿ." ಇದಕ್ಕೆ ಉದಾಹರಣೆ ಸಾಕಷ್ಟಿವೆ. ಡಗ್ಲಾಸ್ ಎಂಟು ತಿಂಗಳ ನಂತರ ಆರು ಕಿಲೋಕ್ಕೂ ಹೆಚ್ಚು ತೂಕ ಏರಿಸಿಕೊಂಡು ಬಂದು ಹೋಲಿಫೀಲ್ಡನಿಗೆ ಮೂರನೆಯ ಸುತ್ತಿನಲ್ಲಿ ಸೋತ. ರಹಮಾನ್ ಅದೇ ವರ್ಷ ನವೆಂಬರಿನಲ್ಲಿ ಲೆನಾಕ್ಸ್ ಲೂಯಿಸನಿಗೇ ನಾಲ್ಕನೆಯ ಸುತ್ತಿನಲ್ಲಿ ಸೋತ. ಆಂಡಿ ರೂಯಿಸ್ ಬೇರೊಬ್ಬನ ಬದಲಿಗೆ ಬಂದವನು, 2019ರ ಜೂನ್ 1ರಂದು ನ್ಯೂಯಾರ್ಕಿನಲ್ಲಿ ಆಂಥನಿ ಜೋಶುವಾನನ್ನು ಏಳನೆಯ ಸುತ್ತಿನಲ್ಲಿ ಸೋಲಿಸಿದ. ಡಿಸೆಂಬರಿನಲ್ಲಿ ಸೌದಿ ಅರೇಬಿಯಾದಲ್ಲಿ ಇನ್ನೂ ದಪ್ಪಗಾಗಿ ಬಂದು ಅದೇ ಜೋಶುವಾನಿಗೆ ಸೋತ.

ಹೀಗಿರುವಾಗ ಮೊದಲನೆಯದು ಸುಳ್ಳಾಯಿತೇ? ಕ್ಯಾಶಿಯಸ್ ಕ್ಲೇ ಎಂಬ ಇಪ್ಪತ್ತೆರಡು ವರ್ಷದ ಹುಡುಗ 1964ರಲ್ಲಿ ಲಿಸ್ಟನ್ನನನ್ನು ಸೋಲಿಸಿದಾಗ ದರ 7ಕ್ಕೆ 1 ಇತ್ತು. ಪತ್ರಿಕೆಯವರು ಬಹುತೇಕ ಎಲ್ಲರೂ ಲಿಸ್ಟನ್ ಗೆಲ್ಲುತ್ತಾನೆಂದೇ ಬರೆದಿದ್ದರು. ಇವತ್ತು ಆ ಗೆಲುವು ಆಕಸ್ಮಿಕ ಎಂದು ಯಾರೂ ಹೇಳುವುದಿಲ್ಲ, ಯಾಕೆಂದರೆ ಆ ಹುಡುಗ ಮುಂದೆ ಮುಹಮ್ಮದ್ ಅಲಿ ಆದ. ಅವನು ಮರುವರ್ಷವೇ ಸೋತು ಮರೆಯಾಗಿದ್ದರೆ ಅದೇ ಗೆಲುವಿಗೆ ಆಕಸ್ಮಿಕ ಎಂದು ಹೆಸರಿಡುತ್ತಿದ್ದೆವು. ಹೊಡೆತ ಅದೇ, ಆರು ಸುತ್ತೂ ಅವೇ. ಮುಂದಿನ ಬದುಕು ಹಿಂದಿನ ದಿನವನ್ನು ಬದಲಿಸಲಾರದು, ಅದಕ್ಕೆ ನಾವು ಇಡುವ ಹೆಸರನ್ನಷ್ಟೇ ಬದಲಿಸುತ್ತದೆ. ಹಾಗೆ ನೋಡಿದರೆ ಅಲಿಯೂ 1978ರಲ್ಲಿ ಬರೀ ಏಳು ವೃತ್ತಿಪರ ಪಂದ್ಯ ಆಡಿದ್ದ ಲಿಯಾನ್ ಸ್ಪಿಂಕ್ಸ್ ಎಂಬ ಹುಡುಗನಿಗೆ ಸೋತ. ಏಳು ತಿಂಗಳಿಗೆ ಆ ಪಟ್ಟ ಮರಳಿ ಪಡೆದ. ಸ್ಪಿಂಕ್ಸನ ಫೆಬ್ರವರಿಯ ಹದಿನೈದು ಸುತ್ತನ್ನು ಆ ಸೆಪ್ಟೆಂಬರ್ ಹೇಗೆ ಅಳಿಸೀತು?

ನಾನಿದನ್ನು ಮಾಸ್ತರನಾಗಿ ಬರೆಯುತ್ತಿದ್ದೇನೆ. ಗಡಿಯಾಚೆಯ ನಮ್ಮ ಕನ್ನಡ ಶಾಲೆಯ ಹುಡುಗಿಯೊಬ್ಬಳು ಕೆಲವು ವರ್ಷದ ಹಿಂದೆ ತಾಲೂಕು ಮಟ್ಟದ ಸ್ಪರ್ಧೆಯೊಂದರಲ್ಲಿ ಮೊದಲು ಬಂದಳು. ಅಪ್ಪ ಕಬ್ಬು ಕಡಿಯಲು ಹೋಗುವವನು. "ಈ ವರ್ಷ ಪೇಪರ್ ಸರಳ ಇತ್ತು ಬಿಡ್ರಿ, ದೊಡ್ಡ ಶಾಲಿ ಹುಡುಗ್ರು ತಯಾರಿ ಮಾಡಿರ್ಲಿಲ್ಲ" ಎಂದರು ಅಲ್ಲಿದ್ದವರೊಬ್ಬರು, ಅವಳು ಪಕ್ಕದಲ್ಲೇ ನಿಂತಿದ್ದಾಗ. ಪೇಪರ್ ಎಲ್ಲರಿಗೂ ಒಂದೇ ಇತ್ತು. ಮರುವರ್ಷ ಅವಳು ಮೊದಲು ಬರಲಿಲ್ಲ. "ನೋಡ್ರಿ, ನಾ ಹೇಳಿರ್ಲಿಲ್ಲಾ?" ಎಂಬ ಮಾತೂ ಬಂತು. ಆ ವರ್ಷದ ಪ್ರಮಾಣಪತ್ರ ಅವಳ ಮನೆಯ ಗೋಡೆಗೆ ಈಗಲೂ ಇದೆ.

ಟೋಕಿಯೋದಲ್ಲಿ ಪಂದ್ಯ ಮುಗಿದ ಕೂಡಲೇ ಟಿವಿಯವರು ಮೈಕು ಹಿಡಿದು ಡಗ್ಲಾಸನನ್ನು ಕೇಳಿದ್ದೂ ಇದೇ ಪ್ರಶ್ನೆ: ಯಾರೂ ಸಾಧ್ಯವಿಲ್ಲ ಎಂದದ್ದು ಹೇಗೆ ಸಾಧ್ಯವಾಯಿತು? ಅವನು ಎಡಗೈಯ ಮಾತು ಎತ್ತಲಿಲ್ಲ, ಟೈಸನ್ನನ ತಯಾರಿಯ ಮಾತು ಎತ್ತಲಿಲ್ಲ. ತಾಯಿಯನ್ನು ನೆನೆದ. ಮುಂದೆ ಮಾತು ಬರಲಿಲ್ಲ, ಅತ್ತುಬಿಟ್ಟ.