ಮರೆವೂ ಅತಿಚಾರವೇ?

ಸಾಮಾಯಿಕದ ಐದು ಅತಿಚಾರಗಳಲ್ಲಿ ಸ್ಮೃತ್ಯನುಪಸ್ಥಾನ, ಅಂದರೆ ಮರೆವು, ಒಂದೆಂದು ತತ್ತ್ವಾರ್ಥಸೂತ್ರವು ಎಣಿಸಿದೆ. ಪುತ್ತೂರು, ಸುಳ್ಯ, ಕಡಬ ಸೀಮೆಯ ಶ್ರಾವಕರ ಮನೆಯೊಂದರಲ್ಲಿ ವ್ರತಸ್ಥರಾದ ಅಜ್ಜಿಯವರು ಸೂರ್ಯಾಸ್ತಕ್ಕೆ ಮೊದಲೇ ಉಂಡುದನ್ನು ಮರೆತು ರಾತ್ರಿ ಗಂಜಿ ಕೇಳಿದರೆ ಆ ದೋಷವು ಯಾರದು?

ಪ್ರಮಾದದ ಮರೆವು ಬೇರೆ, ದೇಹದ ಕೊರತೆಯಿಂದ ಬಂದುದು ಬೇರೆ. ರಸಪರಿತ್ಯಾಗವೆಂದು ವರ್ಷಗಟ್ಟಲೆ ಹಾಲು ಮೊಸರುಗಳನ್ನು ಬಿಟ್ಟ ವೃದ್ಧರಲ್ಲಿ ಬಿ-೧೨ ಜೀವಸತ್ತ್ವವು ಕುಂದಬಹುದು. ಕುಚ್ಚಲಕ್ಕಿ, ಬೇಳೆ, ತರಕಾರಿಗಳಲ್ಲಿ ಅದಿಲ್ಲ. ಆಗ ಸ್ಮರಣೆ ಕುಗ್ಗಬಹುದು, ಕಾಲು ಜೋಮುಗಟ್ಟಬಹುದು. ರಕ್ತಪರೀಕ್ಷೆಯಿಂದ ತಿಳಿಯುವ, ಬೇಗನೆ ಕಂಡರೆ ಬಹುಮಟ್ಟಿಗೆ ಸರಿಹೋಗುವ ಕೊರತೆಯಿದು. ಎಲ್ಲ ಮರೆವಿಗೂ ಇದೇ ಕಾರಣವಲ್ಲ. ರಕ್ತದೊತ್ತಡ, ಮಧುಮೇಹ, ಕಿವುಡು, ಒಂಟಿತನಗಳೂ ಮಿದುಳನ್ನು ಸವೆಸುತ್ತವೆ.

ಆದರೂ ಹಿರಿಯರ ಕೃಶತೆಯನ್ನು ತಪಸ್ಸೆಂದು ಕೊಂಡಾಡುತ್ತ ವೈದ್ಯರಲ್ಲಿಗೆ ಕರೆದೊಯ್ಯದ ನಾವೇ ಪ್ರಮತ್ತರೆಂದು ನನಗೆ ತೋರುತ್ತದೆ. ಪ್ರಾಣಿಜನ್ಯ ಜೆಲಟಿನ್ ಸೇರದ ಮಾತ್ರೆಯೂ ದೊರೆಯುತ್ತದೆ, ಹಗಲಿನಲ್ಲೇ ಕೊಡಬಹುದು.