ಎರಡು ಚುಕ್ಕಿಗಳ ನಡುವೆ

ಮಂಗಳೂರಿನ ಹಂಪನಕಟ್ಟೆಯ ಮೊಬೈಲ್ ಅಂಗಡಿಗಳಲ್ಲಿ ‘ಕನ್ವರ್ಟರ್ ಉಂಟಾ?’ ಎಂದು ಕೇಳಿದರೆ ಗೇಣುದ್ದವೂ ಇಲ್ಲದ ಒಂದು ವೈರನ್ನು ಮುಂದಿಡುತ್ತಾರೆ. ಒಂದು ತುದಿ ಫೋನಿನ ಟೈಪ್-ಸಿ ಕಿಂಡಿಗೆ ಹೋಗುವಂಥದು. ಇನ್ನೊಂದು ತುದಿಯಲ್ಲಿ ಹಳೆಯ ಇಯರ್‌ಫೋನಿನ 3.5 ಮಿಲಿಮೀಟರ್ ಪಿನ್ನು ಕೂರುವ ತೂತು. ಪಿನ್ನಿನ ಆಕಾರ ಹೊಂದಿಸುವುದಕ್ಕೊಂದು ಪರಿಕರ, ಅಷ್ಟೇ ಎಂದು ನೋಡಿದವರಿಗೆ ಅನ್ನಿಸುತ್ತದೆ. ತಿಳಿದ ಅಂಗಡಿಯವರು ಮಾತ್ರ ‘ಯಾವ ಫೋನಿಗೆ?’ ಎಂದು ಮೊದಲು ಕೇಳುತ್ತಾರೆ. ಕಾರಣವುಂಟು. ಕೆಲವು ಕನ್ವರ್ಟರ್‌ಗಳು ನಿಜಕ್ಕೂ ಬರಿಯ ತಂತಿ. ಫೋನಿನೊಳಗಿಂದಲೇ ಸದ್ದಿನ ವಿದ್ಯುತ್ತು ಹೊರಟು ಬಂದರೆ ಹಾಡುತ್ತವೆ, ಇಲ್ಲವಾದರೆ ಮೂಕ. ಉಳಿದವುಗಳಲ್ಲಿ ಕೆಲವೇ ಮಿಲಿಮೀಟರ್ ಅಗಲದ ಒಂದು ಚಿಪ್ ಅಡಗಿ ಕೂತಿರುತ್ತದೆ. ಅದರೊಳಗೆ ಇಬ್ಬರು ಕೆಲಸಗಾರರು. ಅಂಕಿಗಳನ್ನು ವಿದ್ಯುತ್ತಿನ ಅಲೆಯಾಗಿಸುವ ಡ್ಯಾಕ್ ಒಬ್ಬ. ಆ ಅಲೆಗೆ ಇಯರ್‌ಫೋನಿನ ಪೊರೆಯನ್ನು ಅಲುಗಿಸುವಷ್ಟು ಬಲ ಕೊಡುವ ಆಂಪ್ಲಿಫೈಯರ್ ಇನ್ನೊಬ್ಬ.

ಇವರಿಬ್ಬರೂ ಹೊಸಬರಲ್ಲ. ಹಾಡು ನುಡಿಸುವ ಪ್ರತಿಯೊಂದು ಫೋನಿನೊಳಗೂ ಮೊದಲಿಂದ ಇದ್ದವರೇ. 2016ರಲ್ಲಿ ಆಪಲ್ ಕಂಪನಿ ಐಫೋನ್ 7ರಿಂದ ಪಿನ್ನಿನ ತೂತನ್ನು ತೆಗೆದುಹಾಕಿತು, ಆಮೇಲೆ ಉಳಿದ ಹಲವು ಕಂಪನಿಗಳೂ ಅದೇ ದಾರಿ ಹಿಡಿದವು. ಆಗ ಇವರು ಮನೆಯಿಂದ ಹೊರಬಂದು ವೈರಿನ ಗಂಟಿನಲ್ಲಿ ನೆಲೆಸಿದರು. ಬ್ಲೂಟೂತ್ ಬಡ್ಸ್ ಧರಿಸಿದವರ ಪಾಲಿಗಂತೂ ಕಿವಿಯೊಳಗೇ ಬಂದು ಕೂತಿದ್ದಾರೆ. ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಸುರತ್ಕಲ್‌ಗೆ ಹೊರಟ ಸಿಟಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತ ಹತ್ತು ಮಂದಿಯ ಕಿವಿಯಲ್ಲಿ ಹತ್ತು ಬೇರೆ ಬೇರೆ ಕಛೇರಿ ನಡೆಯುತ್ತಿರಬಹುದು. ಯಾರದ್ದೂ ಇನ್ನೊಬ್ಬರಿಗೆ ಕೇಳದು.

ಆ ಕಛೇರಿಗಳೆಲ್ಲ ಫೋನಿನಲ್ಲಿ ಇರುವುದು ಅಂಕಿಗಳ ರೂಪದಲ್ಲಿ. ಸಿ.ಡಿ.ಯ ಕಾಲದಿಂದ ನಡೆದುಬಂದ ಲೆಕ್ಕದಂತೆ, ಒಂದು ಸೆಕೆಂಡಿನ ಸದ್ದೆಂದರೆ ಎಡಕ್ಕೆ 44,100, ಬಲಕ್ಕೆ 44,100 ಅಂಕಿಗಳು. ಒಂದೊಂದು ಅಂಕಿಯೂ ಆ ಕ್ಷಣದಲ್ಲಿ ಅಲೆ ಎಷ್ಟು ಎತ್ತರದಲ್ಲಿತ್ತು ಎಂಬುದರ ಅಳತೆ. 44,100 ಎಂಬ ಈ ವಿಚಿತ್ರ ಸಂಖ್ಯೆ ಹುಟ್ಟಿದ್ದು ವಿಡಿಯೊ ಟೇಪಿನಿಂದ. ಡಿಜಿಟಲ್ ಧ್ವನಿಯನ್ನು ಮೊದಲ ದಿನಗಳಲ್ಲಿ ವಿಡಿಯೊ ಟೇಪಿನ ಮೇಲೆ ಬರೆಯುತ್ತಿದ್ದರು. ಚಿತ್ರದ ಒಂದು ಗೆರೆಗೆ 3 ಅಳತೆ, ಒಂದು ಸಲಕ್ಕೆ 245 ಗೆರೆ, ಸೆಕೆಂಡಿಗೆ 60 ಸಲ, ಗುಣಿಸಿದರೆ 44,100. ಯುರೋಪಿನ ಟೇಪಿನಲ್ಲಿ 3 ಅಳತೆ, 294 ಗೆರೆ, 50 ಸಲ, ಅಲ್ಲೂ 44,100. ಎರಡು ಬೇರೆ ಬೇರೆ ಟಿ.ವಿ. ಪದ್ಧತಿಗಳು ಕೂಡಿ ಬಂದದ್ದು ಈ ಒಂದು ಅಂಕಿಯಲ್ಲಿ. ಅದು 210ರ ವರ್ಗವೂ ಹೌದು. 2, 3, 5, 7 ಎಂಬ ಮೊದಲ ನಾಲ್ಕು ಅವಿಭಾಜ್ಯಗಳ ವರ್ಗಗಳ ಗುಣಲಬ್ಧವೂ ಹೌದು. ಕಾರಕೂನನ ಲೆಕ್ಕದಂತೆ ಕಾಣುವ ಸಂಖ್ಯೆಯೊಳಗೆ ಇಷ್ಟು ಚೆಲುವು ಇದ್ದೀತೆಂದು ಯಾರು ಎಣಿಸಿದ್ದರು?

ಅನುಮಾನ ಏಳುವುದು ಇಲ್ಲಿಯೇ. ಸಂಗೀತವೆಂದರೆ ಎಡೆಬಿಡದ ಹರಿವು, ಅಂಕಿಗಳೆಂದರೆ ಬಿಡಿಬಿಡಿ. ಒಂದು ಅಂಕಿಗೂ ಮುಂದಿನದಕ್ಕೂ ನಡುವೆ, ಸೆಕೆಂಡಿನ 44,100ನೇ ಒಂದು ಭಾಗದಲ್ಲಿ, ಏನೇನು ಕಳೆದುಹೋಯಿತೋ?

ಈ ಪ್ರಶ್ನೆ ಕೇಳಲು ಮಂಗಳೂರಿಗೆ ಬೇರೆ ಊರುಗಳಿಗಿಂತ ಹೆಚ್ಚಿನ ಹಕ್ಕುಂಟು. ಕದ್ರಿ ಗೋಪಾಲನಾಥರು ಇದೇ ಪ್ರಶ್ನೆಯನ್ನು ಇನ್ನೊಂದು ರೂಪದಲ್ಲಿ ಎದುರಿಸಿ ಗೆದ್ದವರು. 1949ರಲ್ಲಿ ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ, ನಾಗಸ್ವರದ ಮನೆತನದಲ್ಲಿ ಹುಟ್ಟಿದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕಂಡು ಮನಸೋತರು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕಲಿತರು. ಸ್ಯಾಕ್ಸೋಫೋನಿನ ಹುಟ್ಟುಗುಣ ಬಿಡಿಬಿಡಿಯಾದದ್ದು. ಒಂದು ಕೀಲಿ ಒತ್ತಿದರೆ ಒಂದು ಸ್ವರ, ಇನ್ನೊಂದು ಒತ್ತಿದರೆ ಇನ್ನೊಂದು. ಕರ್ನಾಟಕ ಸಂಗೀತದ ಜೀವವಾದರೋ ಗಮಕ. ಹಲವು ರಾಗಗಳಲ್ಲಿ ಗಾಂಧಾರ ಎಂಬುದು ಒಂದು ಕಡೆ ನಿಲ್ಲುವ ಸ್ಥಾನವಲ್ಲ, ತೂಗಾಡುವ ಒಂದು ಹರಹು. ರಾಗದ ಗುರುತು ಇರುವುದೇ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ದಾರಿಯಲ್ಲಿ. ಕೀಲಿಗಳ ವಾದ್ಯದಿಂದ ಆ ಜಾರನ್ನು ಅವರು ತುಟಿ, ಉಸಿರು, ಬೆರಳುಗಳ ವರ್ಷಗಟ್ಟಲೆಯ ಸಾಧನೆಯಿಂದ ಹೊರಡಿಸಿದರು. 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. 2019ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲೇ ತೀರಿಕೊಂಡರು. ಈಗ ನಮಗೆ ಅವರು ಉಳಿದಿರುವುದು ಧ್ವನಿಮುದ್ರಣಗಳಲ್ಲಿ, ಅಂದರೆ ಬಹುಪಾಲು ಅಂಕಿಗಳಲ್ಲಿ. ಮೆಟ್ಟಿಲಿನಂಥ ವಾದ್ಯದಿಂದ ಅಷ್ಟು ಕಷ್ಟಪಟ್ಟು ಎತ್ತಿದ ಗಮಕವನ್ನು ನಾವು ಮತ್ತೆ ಮೆಟ್ಟಿಲುಗಳಿಗೆ ಇಳಿಸಿಬಿಟ್ಟೆವೇ?

ಇಲ್ಲ ಎನ್ನುತ್ತದೆ ಗಣಿತ. 1915ರಲ್ಲಿ ಎಡಿನ್‌ಬರೋದ ವಿಟ್ಟೇಕರ್, 1933ರಲ್ಲಿ ರಷ್ಯದ ಕೊಟೆಲ್ನಿಕೋವ್, 1949ರಲ್ಲಿ ಅಮೆರಿಕದ ಕ್ಲಾಡ್ ಶಾನನ್ ಬೇರೆ ಬೇರೆ ದಾರಿಯಲ್ಲಿ ನಡೆದು ತಲುಪಿದ ನೆಲೆ ಒಂದೇ. ಒಂದು ಅಲೆಯಲ್ಲಿ ಇಂತಿಷ್ಟಕ್ಕಿಂತ ವೇಗದ ಕಂಪನ ಇಲ್ಲವೆಂದಾದರೆ, ಆ ವೇಗದ ಇಮ್ಮಡಿಗಿಂತ ಹೆಚ್ಚು ಸಲ ಅದನ್ನು ಅಳೆದರೆ ಸಾಕು, ಅಲೆ ಇಡಿಯಾಗಿ ಕೈಗೆ ಸಿಕ್ಕಂತೆ. ಮನುಷ್ಯನ ಕಿವಿಯ ಮೇಲಿನ ಎಲ್ಲೆ ಸೆಕೆಂಡಿಗೆ ಸುಮಾರು 20,000 ಕಂಪನ. ಅದರ ಇಮ್ಮಡಿ 40,000; ಸೋಸುವ ಅನುಕೂಲಕ್ಕೆ ಇನ್ನಷ್ಟು ಸೇರಿಸಿಕೊಂಡದ್ದು 44,100.

ನಮ್ಮ ಅಂಗಳದ ಚುಕ್ಕಿ ರಂಗೋಲಿಯಲ್ಲಿ ಅವೇ ಚುಕ್ಕಿಗಳಿಂದ ಒಬ್ಬರು ತಾವರೆ ಬಿಡಿಸುತ್ತಾರೆ, ಇನ್ನೊಬ್ಬರು ದೀಪ. ಈ ಚುಕ್ಕಿಗಳ ಸ್ವಭಾವ ಅದಕ್ಕೆ ತದ್ವಿರುದ್ಧ. 20,000ದ ಎಲ್ಲೆಯನ್ನು ಮೀರದೆ ಎಲ್ಲ ಚುಕ್ಕಿಗಳನ್ನೂ ಮುಟ್ಟಿ ಹಾಯುವ ಗೆರೆ ಒಂದೇ ಒಂದು. ಎರಡನೆಯದನ್ನು ಎಳೆಯಲು ಸಾಧ್ಯವೇ ಇಲ್ಲ. ಹಾಗಾಗಿ ಡ್ಯಾಕ್ ಚುಕ್ಕಿಗಳ ನಡುವೆ ಏನಿತ್ತೆಂದು ಊಹಿಸುವುದಿಲ್ಲ, ಇದ್ದದ್ದನ್ನೇ ಮರಳಿ ಬರೆಯುತ್ತದೆ. ಜಾಹೀರಾತುಗಳಲ್ಲಿ ತೋರಿಸುವ ಮೆಟ್ಟಿಲು ಮೆಟ್ಟಿಲಾದ ಅಲೆ ವೈರಿನೊಳಗೆ ಸಾಮಾನ್ಯವಾಗಿ ಹರಿಯುವುದಿಲ್ಲ. ಮೆಟ್ಟಿಲಿನ ಚೂಪು ಮೂಲೆಗಳೆಂದರೆ 20,000ಕ್ಕಿಂತ ಮೇಲಿನ ಕಂಪನಗಳೇ. ಅವನ್ನು ಸೋಸಿ ತೆಗೆದರೆ ಉಳಿಯುವುದು ನಯವಾದ ಗೆರೆ, ಗೋಪಾಲನಾಥರ ಜಾರು ಹೇಗಿತ್ತೋ ಹಾಗೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಎಲೆಕ್ಟ್ರಾನಿಕ್ಸ್ ಓದುವ ಮಕ್ಕಳಿಗೆ ಇದು ಪರೀಕ್ಷೆಗೆ ಬರುವ ಪ್ರಮೇಯ. ನನಗೆ ಇದರಲ್ಲೊಂದು ಜೀವನದರ್ಶನವೇ ಕಾಣುತ್ತದೆ: ‘ಇದಕ್ಕಿಂತ ಆಚೆ ನನಗೆ ಬೇಡ’ ಎಂದು ಮೊದಲು ಒಪ್ಪಿಕೊಂಡವನಿಗೆ ಈಚೆಯದೆಲ್ಲ ಒಂದು ಚೂರೂ ಬಿಡದೆ ದಕ್ಕುತ್ತದೆ.

ನಷ್ಟವೇ ಇಲ್ಲವೆಂದಲ್ಲ. ಅದು ಇರುವುದು ಚುಕ್ಕಿಯ ಎತ್ತರದಲ್ಲಿ. 16 ಬಿಟ್ ಎಂದರೆ ಎತ್ತರಕ್ಕೆ 65,536 ಹಂತಗಳು. ನಿಜವಾದ ಎತ್ತರ ಎರಡು ಹಂತಗಳ ನಡುವೆ ಬಿದ್ದರೆ ಹತ್ತಿರದ್ದಕ್ಕೆ ಸರಿಸಬೇಕಾಗುತ್ತದೆ. ಒಟ್ಟು ಹರಹು 2 ವೋಲ್ಟ್ ಎಂದಿಟ್ಟುಕೊಂಡರೆ ಒಂದು ಹಂತ ವೋಲ್ಟಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 30 ಭಾಗ. ಆಲಾಪನೆ ಮುಗಿದು ನಾದ ಕರಗುವಾಗ ಅದು ಈ ಕೊನೆಯ ಹಂತಕ್ಕಿಂತಲೂ ಕೆಳಗಿಳಿದರೆ ಥಟ್ಟನೆ ಕಾಣೆಯಾಗಬೇಕಿತ್ತು. ಹಾಗಾಗದಿರಲು ಎಂಜಿನಿಯರುಗಳು ಮಾಡುವ ಉಪಾಯ ನಂಬಲು ಕಷ್ಟವಾದದ್ದು. ಮುದ್ರಣಕ್ಕೆ ಬೇಕೆಂದೇ ಒಂದಿಷ್ಟು ಗದ್ದಲ ಬೆರೆಸುತ್ತಾರೆ, ಅತಿ ಸಣ್ಣದು, ಮಳೆ ದೂರದಲ್ಲಿ ಸುರಿವಂಥ ಸದ್ದು. ಆ ಗದ್ದಲ ಕ್ಷೀಣ ನಾದವನ್ನು ಆಗಾಗ ಮೇಲಿನ ಹಂತಕ್ಕೆ ನೂಕುತ್ತಿರುತ್ತದೆ; ಸರಾಸರಿಯಲ್ಲಿ ನಾದ ಬದುಕಿಕೊಳ್ಳುತ್ತದೆ. ಸ್ವಲ್ಪ ಅಶುದ್ಧಿ ಸೇರಿದ್ದರಿಂದಲೇ ಸೂಕ್ಷ್ಮವಾದದ್ದು ಉಳಿಯಿತು.

ಇನ್ನು ಆಂಪ್ಲಿಫೈಯರ್. ಸದ್ದನ್ನು ಹಿಗ್ಗಿಸುವ ಯಂತ್ರ ಎಂದು ಅದನ್ನು ಕರೆಯುವುದು ರೂಢಿ, ಆದರೆ ಅದು ಡ್ಯಾಕ್‌ನಿಂದ ಬಂದ ಅಲೆಯನ್ನು ಹಿಗ್ಗಿಸಿ ಕಳಿಸುವುದಿಲ್ಲ. ಬ್ಯಾಟರಿಯ ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ಹೆಚ್ಚುಕಡಿಮೆ ಹರಿಯಬಿಟ್ಟು, ಅದೇ ಆಕಾರದ ಹೊಸ ಅಲೆಯನ್ನು ಕಡೆಯುತ್ತದೆ. ಸ್ಯಾಕ್ಸೋಫೋನಿನೊಳಗೆ ಊದಿದ ಉಸಿರು ಎಂದೋ ಗಾಳಿಯಲ್ಲಿ ಸೇರಿಹೋಗಿದೆ. ಈಗ ಆ ಆಕಾರಕ್ಕೆ ಮೈಯಾಗಿರುವುದು ರಾತ್ರಿ ಚಾರ್ಜಿಗಿಟ್ಟ ಕರೆಂಟು. ಅದು ಶರಾವತಿಯ ನೀರಿನದೋ ನಂದಿಕೂರಿನ ಕಲ್ಲಿದ್ದಲಿನದೋ, ಗುರುತಿಸಿ ಹೇಳಬಲ್ಲವರು ಯಾರೂ ಇಲ್ಲ.

ಬೇಕಾಗುವ ವಿದ್ಯುತ್ತಾದರೂ ಎಷ್ಟು! ಸಾಮಾನ್ಯ ಇಯರ್‌ಫೋನಿಗೆ 1 ಮಿಲಿವಾಟ್ ಕೊಟ್ಟರೆ 100 ಡೆಸಿಬೆಲ್ ಆಸುಪಾಸಿನ ಅಬ್ಬರ. ಪಡಸಾಲೆಯ 9 ವಾಟಿನ ಎಲ್‌ಇಡಿ ಬಲ್ಬು ತಿನ್ನುವುದನ್ನು ಹಂಚಿದರೆ 9,000 ಇಯರ್‌ಫೋನುಗಳು ಹಾಗೆ ಮೊಳಗಬಹುದು. 32 ಓಮ್‌ನ ಇಯರ್‌ಫೋನಿಗೆ ಆ 1 ಮಿಲಿವಾಟ್ ತಲುಪಿಸಲು ವೋಲ್ಟಿನ ಐದರಲ್ಲೊಂದು ಭಾಗವೂ ಬೇಡ. ಸ್ಟುಡಿಯೊಗಳಲ್ಲಿ ಬಳಸುವ 300 ಓಮ್‌ನ ದೊಡ್ಡ ಹೆಡ್‌ಫೋನಿಗಾದರೆ ಅರ್ಧ ವೋಲ್ಟಿಗಿಂತ ತುಸು ಹೆಚ್ಚು ಬೇಕು. ಪ್ರತ್ಯೇಕ ಆಂಪ್ಲಿಫೈಯರಿನ ನಿಜವಾದ ಅಗತ್ಯ ಬರುವುದು ಇಂಥ ಹೆಡ್‌ಫೋನುಗಳಿಗೆ. ಆಂಪ್ಲಿಫೈಯರಿನ ಒಳರೋಧ ಹೆಡ್‌ಫೋನಿನ ರೋಧದ ಎಂಟನೇ ಒಂದು ಭಾಗವನ್ನು ಮೀರದಿದ್ದರೆ ಒಳ್ಳೆಯದೆಂದು ಬಲ್ಲವರು ಹೇಳುತ್ತಾರೆ. ಮೀರಿದರೆ ಕೆಲವು ಇಯರ್‌ಫೋನುಗಳಲ್ಲಿ ಮಂದ್ರ-ತಾರಗಳ ಸಮತೋಲ ಕೆಡುತ್ತದೆ. ಇಷ್ಟು ನೋಡಿಕೊಂಡರೆ, ಆಮೇಲೆ ಸುರಿಯುವ ಹಣಕ್ಕೆ ಕಿವಿಗೆ ದಕ್ಕುವುದು ಕಡಿಮೆ. ಎರಡು ಡ್ಯಾಕ್‌ಗಳನ್ನು ಹೋಲಿಸುವಾಗ ಒಂದರ ದನಿ ತುಸುವೇ ಜೋರಾಗಿದ್ದರೂ ಅದೇ ‘ಇಂಪು’ ಎಂದು ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ. ಬಸ್ಸಿನ ಗದ್ದಲದಲ್ಲಂತೂ ದುಬಾರಿ ಡ್ಯಾಕ್‌ಗಿಂತ ಕಿವಿಗೆ ಸರಿಯಾಗಿ ಕೂರುವ ರಬ್ಬರ್ ಬಿರಡೆ ಹೆಚ್ಚು ಉಪಕಾರಿ. ಗದ್ದಲ ಮುಚ್ಚಿಸಲು ದನಿ ಏರಿಸುತ್ತ ಹೋದರೆ ಕಿವಿಗೇ ಕುತ್ತು: 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ಎನ್ನುವ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 100 ಡೆಸಿಬೆಲ್‌ಗೆ ಸಿಗುವುದು ವಾರಕ್ಕೆ ಸುಮಾರು 20 ನಿಮಿಷ.

ಪೊರೆ ಅಲುಗಿತು, ಗಾಳಿ ಅಲುಗಿತು. ಇಲ್ಲಿಂದ ಕಿವಿತಮಟೆಗೆ ಇರುವ ದಾರಿ ಎರಡೂವರೆ ಸೆಂಟಿಮೀಟರಿಗೂ ಕಡಿಮೆ. ಒಂದು ಚುಕ್ಕಿಯಿಂದ ಮುಂದಿನ ಚುಕ್ಕಿ ಬರುವ ಹೊತ್ತಿಗೆ ಸದ್ದು ಗಾಳಿಯಲ್ಲಿ ಸುಮಾರು 8 ಮಿಲಿಮೀಟರ್ ಸಾಗಿರುತ್ತದೆ. ಅಂದರೆ ಯಾವ ಕ್ಷಣದಲ್ಲಿ ನೋಡಿದರೂ ಕಿವಿಯ ಕೊಳವೆಯಲ್ಲಿರುವುದು ಮೂರು ಚುಕ್ಕಿಗಳಷ್ಟು ಹಾಡು ಮಾತ್ರ. ಒಳಕಿವಿ ತಲುಪಿದ ಮೇಲೆ ಆ ಅಲೆಯೂ ಉಳಿಯುವುದಿಲ್ಲ. ಅಲ್ಲಿನ ಸೂಕ್ಷ್ಮ ರೋಮಕೋಶಗಳು ಅದನ್ನು ಸುಮಾರು 30,000 ನರತಂತುಗಳಿಗೆ ಹಂಚುತ್ತವೆ. ಒಂದೊಂದು ತಂತುವೂ ಮಿಡಿಯುತ್ತದೆ, ಇಲ್ಲವೇ ಸುಮ್ಮನಿರುತ್ತದೆ, ಅರ್ಧ ಮಿಡಿಯುವ ಪದ್ಧತಿ ಅಲ್ಲಿಲ್ಲ. ಅತ್ತ ಫೋನಿನಲ್ಲಿ ಬಿಡಿ ಅಂಕಿ, ಇತ್ತ ತಲೆಯಲ್ಲಿ ಬಿಡಿ ಮಿಡಿತ. ನಾದ ನಾದವಾಗಿ ಎಡೆಬಿಡದೆ ಹರಿಯುವುದು ನಡುವಿನ ಆ ಗಿಡ್ಡ ದಾರಿಯಲ್ಲಿ. ಡ್ಯಾಕ್, ಆಂಪ್ಲಿಫೈಯರ್, ಮೂವರು ಗಣಿತಜ್ಞರ ಬುದ್ಧಿ, ಇಷ್ಟೆಲ್ಲ ದುಡಿದದ್ದು ಅದಕ್ಕಾಗಿ.

ಆದರೆ ಗಣಿತ ಕೊಡುವ ಪೂರ್ಣತೆ ನಮ್ಮ ಕಿವಿಯ ಅಳತೆಗೆ ಹೊಲಿದದ್ದು. ಮುಸ್ಸಂಜೆ ಹುಳ ಹಿಡಿಯುವ ಸಣ್ಣ ಬಾವಲಿಯ ಕೂಗು ಬಹುಮಟ್ಟಿಗೆ 20,000ದ ಆಚೆಯದು. ನಮ್ಮ ಹಾಡಿನ ಫೈಲುಗಳಲ್ಲಿ ಅದಕ್ಕೆ ಜಾಗವೇ ಇಲ್ಲ. ಅರವತ್ತು ದಾಟಿದ ಮನುಷ್ಯರ ಎಲ್ಲೆಯೂ ಸಾಕಷ್ಟು ಕೆಳಗಿಳಿದಿರುತ್ತದೆ. ಆದರೂ ಕರಾವಳಿಯ ಅಜ್ಜಂದಿರು ಫೋನಿನಲ್ಲಿ ಮಾತಿನ ಯಕ್ಷಗಾನವಾದ ತಾಳಮದ್ದಳೆ ಕೇಳುವುದನ್ನು ನೋಡಬೇಕು. ಹಳೆಯ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ. ಟೇಪಿನ ಸುಯ್ಯೆಂಬ ಸದ್ದು, ಸಭೆಯಲ್ಲಿ ಯಾರೋ ಕೆಮ್ಮಿದ್ದು, ಎಲ್ಲವನ್ನೂ ಡ್ಯಾಕ್ ಒಂದೇ ನಿಷ್ಠೆಯಿಂದ ಮರಳಿಸುತ್ತದೆ. ಎದುರಾಳಿ ಕೆಣಕುತ್ತಾನೆ. ಶೇಣಿಯವರು ಒಂದು ಕ್ಷಣ ತಡೆಯುತ್ತಾರೆ. ಡ್ಯಾಕ್‌ಗೆ ಆ ತಡೆ ಎಂದರೆ ಸೊನ್ನೆಯ ಸುತ್ತಮುತ್ತಲಿನ ಸಾವಿರಾರು ಅಂಕಿಗಳು. ಅಜ್ಜನಿಗೋ, ಉತ್ತರ ಬರುವ ಮೊದಲೇ ನಗು ಉಕ್ಕಿ ಬಂದಿರುತ್ತದೆ. ಚುಕ್ಕಿಗಳ ನಡುವೆ ಏನಿತ್ತೆಂದು ಊಹಿಸುವ ಕೆಲಸದಿಂದ ಗಣಿತ ನಮ್ಮನ್ನು ಬಿಡಿಸಿದೆ. ಮಾತುಗಳ ನಡುವೆ ಏನಿದೆಯೆಂದು ಊಹಿಸುವುದು ಮಾತ್ರ ಇವತ್ತಿಗೂ ಕೇಳುವವನ ಪಾಲಿನದೇ.